ಕಾರು ದುರಸ್ತಿ: ವಂಚನೆಗೆ ಒಳಗಾಗದಿರಲು ಗ್ರಾಹಕರು ತಿಳಿದಿರಬೇಕಾದ ವಿಷಯಗಳು

1. ಪೀಠಿಕೆ

ಕಾರು ಇಂದು ಅನುಕೂಲಸ್ಥರ ಮನೆಯ ವಸ್ತುವಾಗಿ ಮಾತ್ರ ಉಳಿದಿಲ್ಲ. ಸಾಲ ಪಡೆದು ಕೊಂಡ ನೌಕರರು, ಸ್ವಂತ ಟ್ಯಾಕ್ಸಿಯಿಂದ ಸಂಸಾರ ನಡೆಸುವ ಚಾಲಕರು, ಹತ್ತು ವರ್ಷ ಹಳೆಯದಾದ ವಾಹನವನ್ನು ಜೋಪಾನ ಮಾಡಿಕೊಂಡು ಬಂದಿರುವ ನಿವೃತ್ತರು, ಇವರೆಲ್ಲರೂ ವರ್ಷಕ್ಕೆ ಒಂದೆರಡು ಬಾರಿಯಾದರೂ ಗ್ಯಾರೇಜಿಗೆ ಹೋಗಲೇಬೇಕಾಗುತ್ತದೆ. ಹೀಗೆ ಹೋದಾಗ ಕೊಟ್ಟ ಹಣಕ್ಕೆ ತಕ್ಕ ಕೆಲಸವಾಯಿತೇ ಎಂಬ ಸಂಶಯ ಬಹುತೇಕ ಗ್ರಾಹಕರನ್ನು ಕಾಡುತ್ತದೆ.

ದುರಸ್ತಿ ಸೇವೆಯಲ್ಲಿ ಒಂದು ವಿಶೇಷವಿದೆ. ಅಂಗಡಿಯಲ್ಲಿ ಅಕ್ಕಿ ಕೊಳ್ಳುವವರು ಕಾಳನ್ನು ಕೈಯಲ್ಲಿ ಹಿಡಿದು ನೋಡಬಹುದು, ತೂಕವನ್ನು ಪರೀಕ್ಷಿಸಬಹುದು. ಕಾರಿನ ವಿಷಯದಲ್ಲಾದರೋ ದೋಷವನ್ನು ಕಂಡುಹಿಡಿಯುವವರು, ಅದಕ್ಕೆ ಬೇಕಾದ ಬಿಡಿಭಾಗವನ್ನು ಮಾರುವವರು ಮತ್ತು ಕೆಲಸ ಸರಿಯಾಗಿದೆ ಎಂದು ಹೇಳುವವರು ಒಬ್ಬರೇ ಆಗಿರುತ್ತಾರೆ. ಗ್ರಾಹಕರಿಗೆ ಕಾಣುವುದು ಬಿಲ್ಲಿನ ಮೊತ್ತ ಮಾತ್ರ. ಅಪ್ರಾಮಾಣಿಕ ವ್ಯಕ್ತಿಗೆ ಅವಕಾಶ ದೊರೆಯುವುದು ಇಲ್ಲಿಯೇ.

ಈ ಅವಕಾಶವನ್ನು ತಪ್ಪಿಸಲು ಗ್ರಾಹಕರು ಯಂತ್ರಶಾಸ್ತ್ರ ಕಲಿಯಬೇಕಾಗಿಲ್ಲ. ಕೆಲಸ ಆರಂಭವಾಗುವ ಮುನ್ನ ಮಾತುಗಳು ಬರಹಕ್ಕೆ ಇಳಿದಿದ್ದರೆ ವಂಚನೆಯ ಬಹುಭಾಗ ಅಲ್ಲಿಗೇ ನಿಲ್ಲುತ್ತದೆ. ಮುಂದೆ ವ್ಯಾಜ್ಯ ಉಂಟಾದರೂ ನೆರವಿಗೆ ಬರುವುದು ಅದೇ ಬರಹ. ಈ ಲೇಖನದ ಉದ್ದೇಶ ಸದರಿ ದಾಖಲೆಗಳು ಯಾವುವು, ಅವುಗಳನ್ನು ಪಡೆಯುವುದು ಹೇಗೆ ಹಾಗೂ ಅನ್ಯಾಯವಾದಲ್ಲಿ ಎಲ್ಲಿ ದೂರು ನೀಡಬೇಕು ಎಂಬುದನ್ನು ತಿಳಿಸುವುದಾಗಿದೆ.

2. ಸಾಮಾನ್ಯವಾಗಿ ಕಂಡುಬರುವ ವಂಚನೆಯ ವಿಧಗಳು

(ಅ) ಅಗತ್ಯವಿಲ್ಲದ ಕೆಲಸವನ್ನು ಅಗತ್ಯವೆಂದು ನಂಬಿಸುವುದು.
(ಆ) ಮಾಡದ ಕೆಲಸಕ್ಕೆ ಅಥವಾ ಹಾಕದ ಬಿಡಿಭಾಗಕ್ಕೆ ಹಣ ಪಡೆಯುವುದು.
(ಇ) ಹಳೆಯ, ನಕಲಿ ಅಥವಾ ಕಡಿಮೆ ದರ್ಜೆಯ ಭಾಗವನ್ನು ಹಾಕಿ ಅಸಲಿ ಭಾಗದ ಬೆಲೆ ಪಡೆಯುವುದು.
(ಈ) ಗ್ರಾಹಕರ ಕಾರಿನಲ್ಲಿರುವ ಉತ್ತಮ ಭಾಗವನ್ನು ತೆಗೆದು ಬೇರೆಯದನ್ನು ಇಡುವುದು.
(ಉ) ಕಡಿಮೆ ಮೊತ್ತ ಹೇಳಿ ವಾಹನವನ್ನು ಬಿಚ್ಚಿದ ಮೇಲೆ ಮೊತ್ತವನ್ನು ಹೆಚ್ಚಿಸುತ್ತಾ ಹೋಗುವುದು.

ಇವುಗಳಲ್ಲಿ ಕೊನೆಯದು ಹೆಚ್ಚು ಕಷ್ಟಕ್ಕೆ ಗುರಿಮಾಡುತ್ತದೆ. ಎಂಜಿನ್ ಬಿಚ್ಚಿ ಇಟ್ಟಿರುವ ಕಾರನ್ನು ಬೇರೊಂದು ಗ್ಯಾರೇಜಿಗೆ ಕೊಂಡೊಯ್ಯುವುದು ಸುಲಭವಲ್ಲವಾದುದರಿಂದ ಗ್ರಾಹಕರು ಅನಿವಾರ್ಯವಾಗಿ ಒಪ್ಪಿಕೊಳ್ಳುತ್ತಾರೆ. ಆದುದರಿಂದ "ಮೊದಲು ಬಿಚ್ಚಿ ನೋಡೋಣ, ಆಮೇಲೆ ಹೇಳುತ್ತೇನೆ" ಎಂಬ ಮಾತು ಬಂದಾಗ, ಬಿಚ್ಚಿ ನೋಡುವುದಕ್ಕೆ ತಗಲುವ ಕೂಲಿ ಎಷ್ಟು ಹಾಗೂ ಮುಂದಿನ ಕೆಲಸ ಬೇಡವೆಂದರೆ ಮತ್ತೆ ಜೋಡಿಸಿ ಕೊಡಲು ಎಷ್ಟು ಎಂಬುದನ್ನು ಮುಂಚಿತವಾಗಿಯೇ ಬರೆಸಿಕೊಳ್ಳತಕ್ಕದ್ದು.

3. ವಾಹನವನ್ನು ಒಪ್ಪಿಸುವ ಸಮಯದಲ್ಲಿ

ಕಾರು ಕೆಟ್ಟ ದಿನ ಗ್ಯಾರೇಜು ಹುಡುಕುವವರಿಗೆ ಆಯ್ಕೆ ಇರುವುದಿಲ್ಲ. ಕಾರು ಸುಸ್ಥಿತಿಯಲ್ಲಿರುವಾಗಲೇ ಆಯಿಲ್ ಬದಲಾವಣೆಯಂತಹ ಸಣ್ಣ ಕೆಲಸ ಮಾಡಿಸಿ ಗ್ಯಾರೇಜಿನ ನಡವಳಿಕೆಯನ್ನು ಗಮನಿಸುವುದು ಒಳಿತು. ಕೇಳಿದ ಪ್ರಶ್ನೆಗೆ ಉತ್ತರಿಸುತ್ತಾರೆಯೇ, ಬಿಲ್ಲು ಕೊಡುತ್ತಾರೆಯೇ, ಕೆಲಸವನ್ನು ನಿಂತು ನೋಡಲು ಬಿಡುತ್ತಾರೆಯೇ ಎಂಬ ಮೂರು ಸಂಗತಿಗಳು ಸಾಕು.

ವಾಹನವನ್ನು ಒಪ್ಪಿಸುವಾಗ ಜಾಬ್ ಕಾರ್ಡ್ ಪಡೆಯಬೇಕು. ಸಣ್ಣ ಗ್ಯಾರೇಜಿನಲ್ಲಿ ಮುದ್ರಿತ ಜಾಬ್ ಕಾರ್ಡ್ ಇಲ್ಲದಿದ್ದರೆ ಬಿಳಿ ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಬಹುದು. ಮೊಬೈಲ್ ಸಂದೇಶದ ಮೂಲಕ ಕಳುಹಿಸಿ "ಸರಿ" ಎಂಬ ಉತ್ತರ ಪಡೆಯಬಹುದು. ಅದರಲ್ಲಿ ಕೆಳಕಂಡ ಅಂಶಗಳಿರಬೇಕು.

(ಅ) ವಾಹನದ ನೋಂದಣಿ ಸಂಖ್ಯೆ, ಒಪ್ಪಿಸಿದ ದಿನಾಂಕ ಮತ್ತು ವೇಳೆ.
(ಆ) ಓಡೋಮೀಟರಿನ ಅಂಕಿ ಮತ್ತು ಇಂಧನದ ಮಟ್ಟ.
(ಇ) ಗ್ರಾಹಕರು ಕಂಡ ದೋಷದ ವಿವರ.
(ಈ) ಬ್ಯಾಟರಿಯ ಕ್ರಮಸಂಖ್ಯೆ, ಸ್ಟೆಪ್ನಿ ಟೈರು, ಜಾಕ್, ಸ್ಟೀರಿಯೊ ಮುಂತಾದವುಗಳ ಪಟ್ಟಿ.
(ಉ) ಮೊದಲೇ ಇರುವ ಗೀರು, ತಗ್ಗುಗಳು.
(ಊ) ಅಂದಾಜು ಮೊತ್ತ ಮತ್ತು ವಾಹನ ಹಿಂದಿರುಗಿಸುವ ದಿನಾಂಕ.

ದೋಷದ ವಿವರವನ್ನು ಬರೆಸುವಾಗ ಒಂದು ಎಚ್ಚರ ಅಗತ್ಯ. "ಕ್ಲಚ್ ಪ್ಲೇಟ್ ಬದಲಾಯಿಸಿ" ಎಂದು ಗ್ರಾಹಕರೇ ಪರಿಹಾರ ಸೂಚಿಸಿದರೆ, ಅದು ಬೇಕಿತ್ತೇ ಎಂಬ ಪ್ರಶ್ನೆಗೆ ಮೆಕ್ಯಾನಿಕ್ ಹೊಣೆಯಾಗುವುದಿಲ್ಲ. "ಏರಿನಲ್ಲಿ ಎಂಜಿನ್ ಶಬ್ದ ಹೆಚ್ಚುತ್ತದೆ, ವೇಗ ಹೆಚ್ಚುವುದಿಲ್ಲ" ಎಂದು ಲಕ್ಷಣವನ್ನು ಮಾತ್ರ ಬರೆಸಿದರೆ ಕಾರಣವನ್ನು ಕಂಡುಹಿಡಿಯುವ ಹೊಣೆ ಗ್ಯಾರೇಜಿನದಾಗುತ್ತದೆ.

ಒಪ್ಪಿಸುವ ಮುನ್ನ ಕಾರಿನ ನಾಲ್ಕು ಬದಿ, ಮೀಟರು, ಬ್ಯಾಟರಿ ಮತ್ತು ಟೈರುಗಳ ಛಾಯಾಚಿತ್ರ ತೆಗೆದುಕೊಳ್ಳಬೇಕು. ದಿನಾಂಕ, ವೇಳೆ ನಮೂದಾಗಿರುವ ಜಾಬ್ ಕಾರ್ಡಿನಿಂದ ಇನ್ನೊಂದು ಪ್ರಯೋಜನವೂ ಇದೆ. ವಾಹನ ಗ್ಯಾರೇಜಿನ ವಶದಲ್ಲಿದ್ದಾಗ ಸಂಚಾರ ನಿಯಮ ಉಲ್ಲಂಘನೆಯಾಗಿ ದಂಡದ ಸೂಚನೆ ಮಾಲೀಕರ ಮೊಬೈಲಿಗೆ ಬಂದರೆ, ಆಗ ವಾಹನ ಯಾರ ಬಳಿ ಇತ್ತೆಂದು ತೋರಿಸಲು ಅದೇ ಆಧಾರ. ದುರಸ್ತಿಗೆಂದು ಪಡೆದ ವಾಹನವನ್ನು ಅನುಮತಿಯಿಲ್ಲದೆ ಬೇರೆ ಉದ್ದೇಶಕ್ಕೆ ಬಳಸಿ, ಆ ಬಳಕೆಯ ಕಾಲದಲ್ಲಿ ಹಾನಿಯಾದಲ್ಲಿ, ಭಾರತೀಯ ಕರಾರು ಅಧಿನಿಯಮ, 1872ರ ಕಲಂ 154ರಂತೆ ಗ್ಯಾರೇಜಿನವರು ನಷ್ಟ ತುಂಬಿಕೊಡಬೇಕಾಗುತ್ತದೆ.

4. ಅಂದಾಜು ಪಟ್ಟಿ ಮತ್ತು ಹೆಚ್ಚುವರಿ ಕೆಲಸಕ್ಕೆ ಒಪ್ಪಿಗೆ

"ಸುಮಾರು ಐದಾರು ಸಾವಿರ ಆಗಬಹುದು" ಎಂಬುದನ್ನು ಅಂದಾಜು ಪಟ್ಟಿ ಎನ್ನಲಾಗದು. ಪ್ರತಿ ಬಿಡಿಭಾಗದ ಹೆಸರು, ಬ್ರಾಂಡು, ಸಂಖ್ಯೆ, ಬೆಲೆ; ಪ್ರತಿ ಕೆಲಸದ ಕೂಲಿ; ತೆರಿಗೆ, ಇವು ಬೇರೆ ಬೇರೆಯಾಗಿ ನಮೂದಾಗಿರಬೇಕು. ಪಟ್ಟಿಯ ಕೆಳಗೆ ಈ ವಾಕ್ಯವನ್ನು ಬರೆಯುವುದು ಸೂಕ್ತ: "ಮೇಲ್ಕಂಡ ಕೆಲಸಗಳಲ್ಲದೆ ಬೇರಾವುದೇ ಕೆಲಸವನ್ನು ನನ್ನ ಲಿಖಿತ ಒಪ್ಪಿಗೆಯಿಲ್ಲದೆ ಮಾಡಬಾರದು. ಬದಲಾಯಿಸಿದ ಹಳೆಯ ಭಾಗಗಳನ್ನು ನನಗೆ ಹಿಂದಿರುಗಿಸಬೇಕು."

ಕೆಲಸದ ಮಧ್ಯದಲ್ಲಿ ಹೊಸ ದೋಷ ಕಂಡುಬರುವುದು ಸಹಜ. ಹಾಗೆಂದು ದೂರವಾಣಿಯಲ್ಲಿ "ಆಗಲಿ, ಮಾಡಿ" ಎಂದರೆ ಯಾವುದಕ್ಕೆ, ಎಷ್ಟಕ್ಕೆ ಒಪ್ಪಿದಿರಿ ಎಂಬುದಕ್ಕೆ ದಾಖಲೆ ಇರುವುದಿಲ್ಲ. ಸವೆದ ಭಾಗದ ಚಿತ್ರ ಮತ್ತು ಬೆಲೆಯನ್ನು ಸಂದೇಶದ ಮೂಲಕ ಕಳುಹಿಸುವಂತೆ ತಿಳಿಸಿ, ಸಂದೇಶದಲ್ಲಿಯೇ ಉತ್ತರಿಸಬೇಕು. ಮೊತ್ತ ದೊಡ್ಡದಾಗಿದ್ದರೆ ಸ್ವತಃ ಹೋಗಿ ನೋಡುವುದು ಅಥವಾ ಇನ್ನೊಬ್ಬ ಮೆಕ್ಯಾನಿಕ್‌ನ ಅಭಿಪ್ರಾಯ ಪಡೆಯುವುದು ಉತ್ತಮ.

5. ಕೆಲವು ಸಾಮಾನ್ಯ ದುರಸ್ತಿಗಳು ಮತ್ತು ಕೇಳಬೇಕಾದ ಪ್ರಶ್ನೆಗಳು

ಎಂಜಿನ್ ಆಯಿಲ್: ತಮ್ಮ ಕಾರಿಗೆ ಎಷ್ಟು ಲೀಟರ್, ಯಾವ ದರ್ಜೆಯ ಆಯಿಲ್ ಬೇಕೆಂಬುದು ಕಾರಿನೊಡನೆ ಬರುವ ಮಾಲೀಕರ ಕೈಪಿಡಿಯಲ್ಲಿ ಮುದ್ರಿತವಾಗಿರುತ್ತದೆ. ಕೈಪಿಡಿಯಲ್ಲಿ 3 ಲೀಟರ್ ಎಂದಿದ್ದು ಬಿಲ್ಲಿನಲ್ಲಿ 4 ಲೀಟರ್ ಎಂದಿದ್ದರೆ ಪ್ರಶ್ನಿಸಬೇಕು. ಮುಚ್ಚಿದ ಡಬ್ಬಿಯನ್ನು ಎದುರಿನಲ್ಲೇ ತೆರೆಯುವಂತೆ ಹೇಳಬೇಕು. ಪೆಟ್ರೋಲ್ ಕಾರಿನಲ್ಲಿ ಹೊಸ ಆಯಿಲ್ ಡಿಪ್‌ಸ್ಟಿಕ್ಕಿನಲ್ಲಿ ಜೇನುತುಪ್ಪದ ಬಣ್ಣದಲ್ಲಿ ಕಾಣುತ್ತದೆ. ಡೀಸೆಲ್ ಕಾರಿನಲ್ಲಿ ಹೊಸ ಆಯಿಲ್ ಸಹ ಸ್ವಲ್ಪ ಹೊತ್ತಿನಲ್ಲೇ ಕಪ್ಪಾಗುವುದರಿಂದ ಬಣ್ಣವೊಂದನ್ನೇ ನೋಡಿ ಮೆಕ್ಯಾನಿಕ್‌ನನ್ನು ಸಂಶಯಿಸಬಾರದು. ಹಳೆಯ ಆಯಿಲ್ ಫಿಲ್ಟರನ್ನು ಕೇಳಿ ನೋಡಬಹುದು.

ಬ್ರೇಕು: ಡಿಸ್ಕ್ ಬ್ರೇಕಿನ ಪ್ಯಾಡುಗಳು ಸವೆಯುವ ವಸ್ತು, ಅವುಗಳನ್ನು ಬದಲಾಯಿಸಲೇಬೇಕು. ಘರ್ಷಣೆಯ ಪದರ ಸುಮಾರು 3 ಮಿಲಿಮೀಟರಿಗೆ ಇಳಿದಾಗ ಬದಲಾಯಿಸುವುದು ರೂಢಿ. ಡಿಸ್ಕು ಅಷ್ಟು ಬೇಗ ಸವೆಯುವುದಿಲ್ಲ. ಡಿಸ್ಕಿನ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಅದರ ಮೇಲೆಯೇ ಕೊರೆದಿರುತ್ತಾರೆ. ಡಿಸ್ಕು ಹೋಗಿದೆ ಎಂದಾಗ ಅಳತೆ ಮಾಡಿ ತೋರಿಸಿ ಎಂದು ಕೇಳುವ ಹಕ್ಕು ಗ್ರಾಹಕರಿಗಿದೆ.

ಎ.ಸಿ.: ತಂಪು ಕಡಿಮೆಯಾದಾಗ "ಗ್ಯಾಸ್ ಖಾಲಿಯಾಗಿದೆ, ತುಂಬಬೇಕು" ಎನ್ನುವುದು ಸಾಮಾನ್ಯ. ಎ.ಸಿ. ಗ್ಯಾಸು ಪೆಟ್ರೋಲಿನಂತೆ ಉರಿದು ಖರ್ಚಾಗುವ ವಸ್ತುವಲ್ಲ. ಅದು ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಿರುತ್ತದೆ. ಒಂದು ಋತುವಿನಲ್ಲಿಯೇ ಗಣನೀಯವಾಗಿ ಕಡಿಮೆಯಾಗಿದ್ದರೆ ಎಲ್ಲಿಯೋ ಸೋರಿಕೆ ಇದೆ ಎಂದರ್ಥ. ಸೋರಿಕೆಯನ್ನು ಹುಡುಕದೆ ಗ್ಯಾಸು ತುಂಬಿಸಿದರೆ ಹಣ ಮತ್ತೆ ಗಾಳಿಗೆ ಹೋಗುತ್ತದೆ. ತುಂಬಿದ ಗ್ಯಾಸಿನ ತೂಕವನ್ನು ಗ್ರಾಮಿನಲ್ಲಿ ಬಿಲ್ಲಿನ ಮೇಲೆ ಬರೆಸಬೇಕು.

ಎಚ್ಚರಿಕೆಯ ದೀಪ: ಎಂಜಿನ್ ಚಿತ್ರದ ದೀಪ ಹೊತ್ತಿದಾಗ ಗ್ಯಾರೇಜಿನವರು ಸ್ಕ್ಯಾನರ್ ಜೋಡಿಸಿ ಒಂದು ಸಂಕೇತ ಸಂಖ್ಯೆಯನ್ನು ಓದುತ್ತಾರೆ. ಈ ಸಂಖ್ಯೆ ದೋಷವಿರುವ ವಿಭಾಗವನ್ನು ಸೂಚಿಸುತ್ತದೆಯೇ ಹೊರತು ಇಂಥ ಭಾಗವನ್ನೇ ಬದಲಾಯಿಸಿ ಎಂದು ಹೇಳುವುದಿಲ್ಲ. ಉದಾಹರಣೆಗೆ, ಪಿ 0420 ಎಂಬ ಸಂಕೇತ ಕೆಟಲಿಟಿಕ್ ಕನ್ವರ್ಟರಿನ ಕಾರ್ಯಕ್ಷಮತೆ ಕುಗ್ಗಿದೆ ಎನ್ನುತ್ತದೆ. ಕಾರಣ ಕನ್ವರ್ಟರೇ ಇರಬಹುದು. ಆಕ್ಸಿಜನ್ ಸೆನ್ಸರ್ ಅಥವಾ ಹೊಗೆ ಕೊಳವೆಯ ಸೋರಿಕೆಯೂ ಇರಬಹುದು. ಸಂಕೇತ ಸಂಖ್ಯೆಯನ್ನು ಬರೆದುಕೊಂಡು, ಆ ಭಾಗವೇ ಕೆಟ್ಟಿದೆ ಎಂದು ಹೇಗೆ ಖಚಿತಪಡಿಸಿಕೊಂಡಿರಿ ಎಂದು ಕೇಳಬೇಕು. ಸ್ಕ್ಯಾನರಿನಿಂದ ಸಂಕೇತವನ್ನು ಅಳಿಸಿ ದೀಪವನ್ನು ಆರಿಸಿದ ಮಾತ್ರಕ್ಕೆ ದುರಸ್ತಿಯಾದಂತಲ್ಲ.

ಕೆಟಲಿಟಿಕ್ ಕನ್ವರ್ಟರಿನಲ್ಲಿ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಎಂಬ ಬೆಲೆಬಾಳುವ ಲೋಹಗಳಿರುವುದರಿಂದ ಹಳೆಯದಕ್ಕೂ ಗುಜರಿಯಲ್ಲಿ ಬೆಲೆ ಇದೆ. ಬದಲಾಯಿಸಿದಲ್ಲಿ ಹಳೆಯದನ್ನು ಹಿಂಪಡೆಯಿರಿ ಅಥವಾ ಅದರ ಮೌಲ್ಯವನ್ನು ಬಿಲ್ಲಿನಲ್ಲಿ ಕಳೆಯುವಂತೆ ತಿಳಿಸಿರಿ.

ಟೈರು ಮತ್ತು ಬ್ಯಾಟರಿ: ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ತಿಳಿಸುತ್ತವೆ. 3224 ಎಂದಿದ್ದರೆ 2024ರ 32ನೇ ವಾರ ಎಂದರ್ಥ. ಹಳೆಯ ದಾಸ್ತಾನನ್ನು ಹೊಸದೆಂದು ಮಾರುವುದನ್ನು ಇದರಿಂದ ಪತ್ತೆಹಚ್ಚಬಹುದು. ಬ್ಯಾಟರಿ ಕೊಂಡಾಗ ಕ್ರಮಸಂಖ್ಯೆ ಮತ್ತು ಮಾರಾಟದ ದಿನಾಂಕವನ್ನು ವಾರಂಟಿ ಕಾರ್ಡಿನಲ್ಲಿ ನಮೂದಿಸಿ ಮೊಹರು ಹಾಕಿಸಬೇಕು. ಹಳೆಯ ಬ್ಯಾಟರಿಗೆ ಕಳೆದ ಮೊತ್ತವೂ ಬಿಲ್ಲಿನಲ್ಲಿ ಕಾಣಬೇಕು.

6. ಬಿಡಿಭಾಗಗಳನ್ನು ಪರೀಕ್ಷಿಸುವ ವಿಧಾನ

ಅಗ್ಗದ ಭಾಗಗಳೆಲ್ಲವೂ ನಕಲಿಯಲ್ಲ. ಕಾರು ಕಂಪನಿಯ ಹೆಸರಿನಲ್ಲಿ ಬರುವ ಭಾಗ, ಅದೇ ಭಾಗವನ್ನು ತಯಾರಿಸುವ ಸಂಸ್ಥೆ ತನ್ನ ಸ್ವಂತ ಹೆಸರಿನಲ್ಲಿ ಮಾರುವ ಭಾಗ, ಇತರ ತಯಾರಕರ ಭಾಗ, ಹಳೆಯ ಕಾರುಗಳಿಂದ ತೆಗೆದ ಭಾಗ, ಹೀಗೆ ಹಲವು ಬಗೆಗಳು ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಮಾರುಕಟ್ಟೆಗಳಲ್ಲಿ ದೊರೆಯುತ್ತವೆ. ಬಾಗಿಲಿನ ಹಿಡಿಗೆ ಹಳೆಯ ಭಾಗ ಹಾಕಿಸುವುದು ಗ್ರಾಹಕರ ಇಷ್ಟ. ತಪ್ಪಾಗುವುದು ಒಂದನ್ನು ಹಾಕಿ ಇನ್ನೊಂದರ ಬೆಲೆ ಪಡೆದಾಗ.

ಬ್ರೇಕು, ಸ್ಟೀರಿಂಗ್, ಸಸ್ಪೆನ್ಷನ್ ಮತ್ತು ಟೈರುಗಳ ವಿಷಯದಲ್ಲಿ ಮಾತ್ರ ನಷ್ಟ ಹಣಕ್ಕೆ ಸೀಮಿತವಾಗುವುದಿಲ್ಲ. ನಕಲಿ ಬ್ರೇಕ್ ಪ್ಯಾಡು ಊರಿನೊಳಗೆ ನಿಧಾನವಾಗಿ ಹೋಗುವಾಗ ಸರಿಯಾಗಿಯೇ ಇರುವಂತೆ ತೋರಬಹುದು. ಘಾಟಿಯ ಇಳಿಜಾರಿನಲ್ಲಿ ಬಿಸಿಯೇರಿದಾಗ ಅದರ ನಿಜಸ್ಥಿತಿ ತಿಳಿಯುತ್ತದೆ. ಆದುದರಿಂದ ಈ ಭಾಗಗಳಿಗೆ ಪೊಟ್ಟಣವನ್ನು ಕಣ್ಣಾರೆ ನೋಡದೆ ಒಪ್ಪಿಗೆ ಕೊಡಬಾರದು.

ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸರಕುಗಳು) ನಿಯಮಗಳು, 2011ರಂತೆ ಚಿಲ್ಲರೆ ಮಾರಾಟದ ಪೊಟ್ಟಣದ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು ಮತ್ತು ವಿಳಾಸ, ಸರಕಿನ ಹೆಸರು, ಪ್ರಮಾಣ, ತಯಾರಿಕೆಯ ತಿಂಗಳು ಮತ್ತು ವರ್ಷ, ಎಲ್ಲಾ ತೆರಿಗೆಗಳೂ ಸೇರಿದ ಗರಿಷ್ಠ ಮಾರಾಟ ಬೆಲೆ ಹಾಗೂ ಗ್ರಾಹಕರ ದೂರಿಗಾಗಿ ಸಂಪರ್ಕದ ವಿವರ ಇರಬೇಕು. ಮುದ್ರಿತ ಗರಿಷ್ಠ ಬೆಲೆಯ ಮೇಲೆ ಮತ್ತೆ ತೆರಿಗೆ ಸೇರಿಸಿ ಪಡೆಯುವಂತಿಲ್ಲ. ಹೆಚ್ಚಿನ ಬೆಲೆ ಪಡೆದಲ್ಲಿ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ನೀಡಬಹುದು. ಖಾಲಿ ಪೊಟ್ಟಣವನ್ನು ಬಿಲ್ಲಿನೊಂದಿಗೆ ಇಟ್ಟುಕೊಳ್ಳುವುದು ಒಳ್ಳೆಯದು.

7. ಬಿಲ್ಲನ್ನು ಓದುವ ಬಗೆ: ಒಂದು ಉದಾಹರಣೆ

ವಿಷಯ ಸ್ಪಷ್ಟವಾಗಲೆಂದು ಒಂದು ಕಲ್ಪಿತ ಲೆಕ್ಕವನ್ನು ಇಲ್ಲಿ ಕೊಡಲಾಗಿದೆ. ಗ್ರಾಹಕರೊಬ್ಬರು ಬ್ರೇಕ್ ಹಾಕಿದಾಗ ಕೀರಲು ಶಬ್ದ ಬರುತ್ತದೆಂದು ಕಾರನ್ನು ಒಪ್ಪಿಸುತ್ತಾರೆ. ಅಂದಾಜು ಪಟ್ಟಿಯಂತೆ ಮುಂದಿನ ಬ್ರೇಕ್ ಪ್ಯಾಡುಗಳಿಗೆ ರೂ. 1,800, ಕೂಲಿ ರೂ. 600, ಒಟ್ಟು ರೂ. 2,400, ಶೇ. 18ರ ಜಿಎಸ್‌ಟಿ ರೂ. 432 ಸೇರಿ ರೂ. 2,832.

ಸಂಜೆ ಕೈಗೆ ಬಂದ ಬಿಲ್ಲು ಹೀಗಿದೆ: ಪ್ಯಾಡುಗಳು ರೂ. 1,800, ಡಿಸ್ಕು ಎರಡು ರೂ. 4,200, ಕ್ಯಾಲಿಪರ್ ಶುಚಿ ರೂ. 650, ಬ್ರೇಕ್ ಆಯಿಲ್ ರೂ. 450, ಇತರೆ ಸಾಮಗ್ರಿ ರೂ. 350, ಕೂಲಿ ರೂ. 1,600. ಒಟ್ಟು ರೂ. 9,050, ಜಿಎಸ್‌ಟಿ ರೂ. 1,629, ಸಂದಾಯ ಮಾಡಬೇಕಾದ್ದು ರೂ. 10,679. ವ್ಯತ್ಯಾಸ ರೂ. 7,847.

ಇದಿಷ್ಟೂ ವಂಚನೆಯೆಂದು ಕೂಡಲೇ ತೀರ್ಮಾನಿಸಲಾಗದು. ಡಿಸ್ಕು ನಿಜವಾಗಿಯೂ ಸವೆದಿದ್ದಿರಬಹುದು. ಆದರೆ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬೇಕು. ಒಂದು, ಡಿಸ್ಕು ಬದಲಾಯಿಸಲು ಒಪ್ಪಿಗೆ ಯಾವಾಗ, ಹೇಗೆ ಪಡೆದಿರಿ? ಎರಡು, ಹಳೆಯ ಡಿಸ್ಕುಗಳು ಎಲ್ಲಿವೆ, ಅವುಗಳ ದಪ್ಪ ಎಷ್ಟಿತ್ತು? ಮೂರು, ಇತರೆ ಸಾಮಗ್ರಿ ಎಂದರೆ ಏನು? ನಾಲ್ಕು, ಕೂಲಿ ರೂ. 600 ಇದ್ದದ್ದು ರೂ. 1,600 ಆದದ್ದು ಯಾವ ಕೆಲಸಕ್ಕೆ? ಲಿಖಿತ ಅಂದಾಜು ಪಟ್ಟಿ ಇದ್ದವರು ಮಾತ್ರ ಈ ಪ್ರಶ್ನೆಗಳನ್ನು ಧೈರ್ಯವಾಗಿ ಕೇಳಬಲ್ಲರು. ಪಟ್ಟಿ ಇಲ್ಲದವರ ಬಳಿ ಇರುವುದು ರೂ. 10,679ರ ಬಿಲ್ಲೊಂದೇ.

ತೆರಿಗೆಯ ಬಗ್ಗೆಯೂ ಗಮನವಿರಲಿ. ವಾಹನ ದುರಸ್ತಿ ಸೇವೆಗೆ ಜಿಎಸ್‌ಟಿ ದರ ಶೇ. 18. ಹಿಂದೆ ಶೇ. 28ರ ದರದಲ್ಲಿದ್ದ ಮೋಟಾರು ವಾಹನದ ಬಿಡಿಭಾಗಗಳಿಗೂ ದಿನಾಂಕ 22.09.2025ರಿಂದ ಶೇ. 18ರ ದರ ಅನ್ವಯವಾಗುತ್ತದೆ. ಜಿಎಸ್‌ಟಿ ಪಡೆಯುವ ಬಿಲ್ಲಿನ ಮೇಲೆ 15 ಅಂಕಿ-ಅಕ್ಷರಗಳ ನೋಂದಣಿ ಸಂಖ್ಯೆ ಇರಬೇಕು. ಕರ್ನಾಟಕದಲ್ಲಿ ನೋಂದಾಯಿಸಿದವರದು 29ರಿಂದ ಆರಂಭವಾಗುತ್ತದೆ. ಆ ಸಂಖ್ಯೆ ಯಾರ ಹೆಸರಿನಲ್ಲಿದೆ, ಚಾಲ್ತಿಯಲ್ಲಿದೆಯೇ ಎಂಬುದನ್ನು ಜಿಎಸ್‌ಟಿ ಜಾಲತಾಣದಲ್ಲಿ ಶುಲ್ಕವಿಲ್ಲದೆ ನೋಡಬಹುದು. ನೋಂದಣಿ ಇಲ್ಲದ ಸಣ್ಣ ಗ್ಯಾರೇಜಿನವರು ತೆರಿಗೆಯಿಲ್ಲದ ಸಾದಾ ಬಿಲ್ಲು ಕೊಡುವುದು ತಪ್ಪಲ್ಲ. ಆದರೆ ಅವರು ಜಿಎಸ್‌ಟಿ ಎಂದು ಹಣ ಪಡೆಯುವಂತಿಲ್ಲ.

"ಬಿಲ್ಲು ಬೇಡವೆಂದರೆ ಕಡಿಮೆ ಮಾಡಿಕೊಡುತ್ತೇವೆ" ಎಂಬ ಮಾತಿಗೆ ಮರುಳಾಗಬಾರದು. ಉಳಿದ ಮೊತ್ತಕ್ಕಿಂತ ಕಳೆದುಕೊಳ್ಳುವ ಹಕ್ಕಿನ ಬೆಲೆ ದೊಡ್ಡದು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಕಲಂ 2(47)ರಂತೆ ಮಾರಿದ ಸರಕಿಗೆ ಅಥವಾ ನೀಡಿದ ಸೇವೆಗೆ ಬಿಲ್ಲು ಕೊಡದಿರುವುದೇ ಒಂದು ಅನುಚಿತ ವ್ಯಾಪಾರ ಪದ್ಧತಿಯಾಗಿದೆ. ಹಣವನ್ನು ಸಹ ಸಾಧ್ಯವಾದಷ್ಟೂ ಗ್ಯಾರೇಜಿನ ಖಾತೆಗೇ ಪಾವತಿಸಬೇಕು.

8. ವಾರಂಟಿ ಮತ್ತು ವಿಮೆ

ಹೊರಗಿನ ಗ್ಯಾರೇಜಿನಲ್ಲಿ ಯಾವ ಕೆಲಸ ಮಾಡಿಸಿದರೂ ವಾರಂಟಿ ಪೂರ್ತಿಯಾಗಿ ರದ್ದಾಗುತ್ತದೆ ಎಂದು ಕೆಲವೊಮ್ಮೆ ಹೆದರಿಸಲಾಗುತ್ತದೆ. ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು 14 ಕಾರು ತಯಾರಕ ಕಂಪನಿಗಳ ವಿರುದ್ಧ ನೀಡಿದ ಆದೇಶದಲ್ಲಿ, ಸ್ವತಂತ್ರ ಗ್ಯಾರೇಜಿಗೆ ಹೋದ ಕಾರಣಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದುಪಡಿಸುವ ಷರತ್ತು ವಿಧಿಸಬಾರದು, ಹೊರಗಿನ ದೋಷಪೂರಿತ ಕೆಲಸದಿಂದ ಉಂಟಾದ ಹಾನಿಯ ಮಟ್ಟಿಗೆ ಮಾತ್ರ ನಿರಾಕರಿಸಬಹುದು ಎಂದು ಸೂಚಿಸಿತು. ಆದೇಶದ ವಿರುದ್ಧ ಮೇಲ್ಮನವಿಗಳೂ ಸಲ್ಲಿಕೆಯಾದವು. ಆದುದರಿಂದ ವಾರಂಟಿ ಅವಧಿಯಲ್ಲಿರುವ ಗ್ರಾಹಕರು ತಮ್ಮ ವಾರಂಟಿ ಪುಸ್ತಕದ ಷರತ್ತುಗಳನ್ನು ಓದಿ ಮುಂದುವರಿಯುವುದು ಸುರಕ್ಷಿತ. ವಾರಂಟಿಯಲ್ಲಿ ಉಚಿತವಾಗಿ ಬದಲಾಯಿಸಿದ ಹಳೆಯ ಭಾಗವನ್ನು ಕಂಪನಿಯೇ ಇಟ್ಟುಕೊಳ್ಳುವ ಪದ್ಧತಿ ಇದೆ. ಅದನ್ನು ವಂಚನೆಯೆಂದು ಭಾವಿಸಬಾರದು.

ಅಪಘಾತದ ನಂತರ "ಎಲ್ಲವೂ ವಿಮೆಯಲ್ಲಿ ಬರುತ್ತದೆ" ಎಂಬ ಭರವಸೆಯನ್ನೂ ಪರಿಶೀಲಿಸಬೇಕು. ಸಾಮಾನ್ಯ ಸಮಗ್ರ ಪಾಲಿಸಿಯಲ್ಲಿ ರಬ್ಬರ್, ನೈಲಾನ್, ಪ್ಲಾಸ್ಟಿಕ್ ಭಾಗಗಳು, ಟೈರು ಮತ್ತು ಬ್ಯಾಟರಿಗೆ ಶೇ. 50ರಷ್ಟು ಸವಕಳಿಯನ್ನು ಕಳೆಯಲಾಗುತ್ತದೆ. ಗಾಜಿಗೆ ಸವಕಳಿ ಇಲ್ಲ. ಸವಕಳಿ ರಹಿತ ಹೆಚ್ಚುವರಿ ಪಾಲಿಸಿ ಇದ್ದಲ್ಲಿ ಲೆಕ್ಕ ಬೇರೆಯಾಗುತ್ತದೆ. ತಮ್ಮ ಪಾಲಿನ ಮೊತ್ತ ಎಷ್ಟು ಎಂಬುದನ್ನು ವಿಮಾ ಕಂಪನಿಯಿಂದಲೇ ಕೇಳಿ ತಿಳಿಯಬೇಕು. ಹಳೆಯ ಗೀರು, ತಗ್ಗುಗಳನ್ನೂ ಇದೇ ಅಪಘಾತದ ಲೆಕ್ಕಕ್ಕೆ ಸೇರಿಸೋಣ ಎಂದು ಗ್ಯಾರೇಜಿನವರು ಸೂಚಿಸಿದರೆ ಒಪ್ಪಬಾರದು. ಕ್ಲೇಮು ಅರ್ಜಿಗೆ ಸಹಿ ಹಾಕುವವರು ಮಾಲೀಕರೇ ಆದುದರಿಂದ ಸುಳ್ಳು ಹೇಳಿಕೆಯ ಹೊಣೆಯೂ ಅವರದೇ.

9. ದಾರಿಯಲ್ಲಿ ವಾಹನ ಕೆಟ್ಟು ನಿಂತಾಗ

ರಾತ್ರಿ ವೇಳೆ, ಮನೆಯವರೊಂದಿಗೆ ಹೆದ್ದಾರಿಯಲ್ಲಿ ನಿಂತಿರುವ ಗ್ರಾಹಕರಿಂದ ಚೌಕಾಶಿ ನಿರೀಕ್ಷಿಸಲಾಗದು. ಇಂತಹ ಸಂದರ್ಭದಲ್ಲಿ ವಿಮಾ ಪಾಲಿಸಿಯಲ್ಲಿ ಅಥವಾ ಕಾರು ಕಂಪನಿಯಿಂದ ದಾರಿ ನೆರವಿನ ಸೌಲಭ್ಯವಿದೆಯೇ ಎಂದು ಮೊದಲು ನೋಡಬೇಕು. ಆ ಸಂಖ್ಯೆಯನ್ನು ಪ್ರಯಾಣಕ್ಕೆ ಮುನ್ನವೇ ಬರೆದಿಟ್ಟುಕೊಳ್ಳಬೇಕು. ರಾಷ್ಟ್ರೀಯ ಹೆದ್ದಾರಿಗಳಲ್ಲಿ 1033 ಸಹಾಯವಾಣಿಗೆ ಕರೆ ಮಾಡಬಹುದು. ತುರ್ತು ರಕ್ಷಣೆಗಾಗಿ 112. ದಾರಿಬದಿಯಲ್ಲಿ ಮುಂದೆ ಸಾಗಲು ಬೇಕಾದಷ್ಟೇ ಕೆಲಸ ಮಾಡಿಸಿ, ದೊಡ್ಡ ದುರಸ್ತಿಯನ್ನು ಊರು ತಲುಪಿದ ಮೇಲೆ ಮಾಡಿಸುವುದು ಲೇಸು.

ಪಂಕ್ಚರ್ ಹಾಕಿಸುವಾಗ ಕಾರಿನಿಂದ ಇಳಿದು ಟೈರಿನ ಪಕ್ಕದಲ್ಲಿಯೇ ನಿಲ್ಲಬೇಕು. ನೀರು ಹಾಕಿದಾಗ ಗುಳ್ಳೆ ಏಳುವ ಜಾಗಗಳನ್ನು ತಾವೇ ಎಣಿಸಿ, ಅನಂತರವೇ ಕೆಲಸ ಆರಂಭಿಸಲು ಹೇಳಬೇಕು. ಒಂದು ಮೊಳೆಯ ಟೈರಿನಲ್ಲಿ ನಾಲ್ಕು ಪಂಕ್ಚರ್ ಕಾಣಿಸಿಕೊಳ್ಳುವುದು ಬಹುತೇಕ ಮಾಲೀಕರ ಬೆನ್ನು ತಿರುಗಿರುವಾಗಲೇ.

10. ಹಣದ ತಕರಾರಿನಿಂದ ವಾಹನವನ್ನು ತಡೆಹಿಡಿದಲ್ಲಿ

ಭಾರತೀಯ ಕರಾರು ಅಧಿನಿಯಮ, 1872ರ ಕಲಂ 170ರಂತೆ, ವಸ್ತುವಿನ ಮೇಲೆ ಶ್ರಮ ಅಥವಾ ಕೌಶಲ ವ್ಯಯಿಸಿದವರು ತಮಗೆ ಸಲ್ಲಬೇಕಾದ ಪ್ರತಿಫಲ ದೊರೆಯುವವರೆಗೆ ಆ ವಸ್ತುವನ್ನು ಇಟ್ಟುಕೊಳ್ಳಬಹುದು. ಆದುದರಿಂದ ಒಪ್ಪಿದ ಕೆಲಸದ ಹಣವನ್ನು ಕೊಡದೆ ವಾಹನ ಬಿಡಿ ಎಂದು ಒತ್ತಾಯಿಸಲು ಬರುವುದಿಲ್ಲ. ಆದರೆ ಈ ಹಕ್ಕು ಒಪ್ಪಂದದಂತೆ ಮಾಡಿದ ಕೆಲಸಕ್ಕೆ ಸಂಬಂಧಿಸಿದ್ದು. ಒಪ್ಪಿಗೆಯಿಲ್ಲದೆ ಮಾಡಿದ ಕೆಲಸದ ಹಣಕ್ಕಾಗಿ ವಾಹನವನ್ನು ತಡೆಹಿಡಿದರೆ ಅದನ್ನು ಪ್ರಶ್ನಿಸಬಹುದು.

ವಾಸ್ತವದಲ್ಲಿ ಗ್ರಾಹಕರಿಗೆ, ಅದರಲ್ಲಿಯೂ ಟ್ಯಾಕ್ಸಿ ಚಾಲಕರಿಗೆ, ವಾಹನ ಅಂದೇ ಬೇಕಾಗಿರುತ್ತದೆ. ಒಂದು ದಿನ ಗಾಡಿ ನಿಂತರೆ ಆ ದಿನದ ದುಡಿಮೆ ಇಲ್ಲ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಇಂತಹ ಸಂದರ್ಭದಲ್ಲಿ ಬಿಲ್ಲಿನ ಎರಡೂ ಪ್ರತಿಗಳ ಮೇಲೆ "ಆಕ್ಷೇಪಣೆಗೆ ಒಳಪಟ್ಟು ಪಾವತಿಸಿದೆ" ಎಂದು ಬರೆದು, ಆಕ್ಷೇಪಿಸುವ ಬಾಬುಗಳನ್ನು ನಮೂದಿಸಿ, ಹಣ ಪಾವತಿಸಿ ವಾಹನವನ್ನು ಬಿಡಿಸಿಕೊಳ್ಳಬಹುದು. ಹಾಗೆ ಬರೆಯಲು ಬಿಡದಿದ್ದಲ್ಲಿ ಅದೇ ದಿನ ಸಂದೇಶ ಅಥವಾ ಇ-ಮೇಲ್ ಮೂಲಕ ತಿಳಿಸಬೇಕು. ಹಣ ಪಾವತಿಸಿದ ಮಾತ್ರಕ್ಕೆ ದೂರು ನೀಡುವ ಹಕ್ಕು ಹೋಗುವುದಿಲ್ಲ.

11. ದೂರು ಸಲ್ಲಿಸುವ ವಿಧಾನ

ಮೊದಲನೆಯದಾಗಿ, ಗ್ಯಾರೇಜಿನ ಮಾಲೀಕರಿಗೆ ಲಿಖಿತವಾಗಿ ದೂರು ಕೊಟ್ಟು ಸರಿಪಡಿಸಲು ಅವಕಾಶ ನೀಡಬೇಕು. ಬಿಲ್ಲಿನಲ್ಲಿ ಅವಧಿ ಸೂಚಿಸಿದ್ದರೆ ಆ ಅವಧಿಯೊಳಗೆ, ಇಲ್ಲದಿದ್ದರೆ 30 ದಿನಗಳೊಳಗೆ, ದೋಷಯುಕ್ತ ಸರಕನ್ನು ಹಿಂಪಡೆಯಲು ಅಥವಾ ನ್ಯೂನತೆಯುಳ್ಳ ಸೇವೆಯನ್ನು ಹಿಂತೆಗೆದು ಹಣ ಮರಳಿಸಲು ನಿರಾಕರಿಸುವುದು ಸಹ 2019ರ ಅಧಿನಿಯಮದಂತೆ ಅನುಚಿತ ವ್ಯಾಪಾರ ಪದ್ಧತಿ. ಹಳೆಯ ಭಾಗ ಹಾಕಿದ್ದನ್ನು ಮುಚ್ಚಿಡುವಂತಹ, ಗ್ರಾಹಕರಿಗೆ ತಿಳಿಸಬೇಕಾದ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ಮರೆಮಾಚುವ ಕೃತ್ಯವು "ಸೇವಾ ನ್ಯೂನತೆ" ಎನಿಸುತ್ತದೆ.

ಎರಡನೆಯದಾಗಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಕನ್ನಡದಲ್ಲಿಯೂ ಮಾತನಾಡಬಹುದು. ವ್ಯಾಜ್ಯಕ್ಕೆ ಹೋಗುವ ಮುನ್ನ ಮಾತುಕತೆಯಿಂದ ಬಗೆಹರಿಸಲು ಇದು ಸಹಕಾರಿ.

ಮೂರನೆಯದಾಗಿ, ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು. ಇದರ ಮುಖ್ಯಾಂಶಗಳು:

(ಅ) ಪಾವತಿಸಿದ ಪ್ರತಿಫಲ ರೂ. 50 ಲಕ್ಷದವರೆಗಿನ ದೂರುಗಳನ್ನು ಜಿಲ್ಲಾ ಆಯೋಗ ವಿಚಾರಿಸುತ್ತದೆ.
(ಆ) ಪ್ರತಿಫಲ ರೂ. 5 ಲಕ್ಷದವರೆಗೆ ಇದ್ದಲ್ಲಿ ದೂರಿಗೆ ಶುಲ್ಕವಿಲ್ಲ. ಬಹುತೇಕ ದುರಸ್ತಿ ದೂರುಗಳು ಈ ಮಿತಿಯೊಳಗೇ ಬರುತ್ತವೆ.
(ಇ) ದೂರಿಗೆ ಕಾರಣ ಉಂಟಾದ ದಿನದಿಂದ 2 ವರ್ಷಗಳೊಳಗೆ ಸಲ್ಲಿಸಬೇಕು.
(ಈ) ದೂರುದಾರರು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯ ಆಯೋಗದಲ್ಲಿಯೂ ಸಲ್ಲಿಸಬಹುದು. ಮಂಗಳೂರಿನಲ್ಲಿ ದುರಸ್ತಿ ಮಾಡಿಸಿದ ಹಾಸನದ ನಿವಾಸಿ ಹಾಸನದಲ್ಲಿಯೇ ದೂರು ನೀಡಬಹುದು.
(ಉ) ವಕೀಲರನ್ನು ನೇಮಿಸಿಕೊಳ್ಳುವುದು ಕಡ್ಡಾಯವಲ್ಲ. 2025ರ ಜನವರಿ 1ರಂದು ಆರಂಭವಾದ ಇ-ಜಾಗೃತಿ ಜಾಲತಾಣದ ಮೂಲಕವೂ ದೂರು ಸಲ್ಲಿಸಬಹುದು.
(ಊ) ವಾಣಿಜ್ಯ ಉದ್ದೇಶದ ಸೇವೆಗಳು ಈ ಅಧಿನಿಯಮದ ವ್ಯಾಪ್ತಿಗೆ ಬರುವುದಿಲ್ಲ. ಆದರೆ ಸ್ವಉದ್ಯೋಗದಿಂದ ಜೀವನೋಪಾಯಕ್ಕಾಗಿ ಸ್ವಂತ ಟ್ಯಾಕ್ಸಿ ಓಡಿಸುವವರು ಗ್ರಾಹಕರೇ ಆಗಿರುತ್ತಾರೆ.

ದೂರಿನೊಂದಿಗೆ ಜಾಬ್ ಕಾರ್ಡ್, ಅಂದಾಜು ಪಟ್ಟಿ, ಬಿಲ್ಲು, ಪಾವತಿಯ ವಿವರ, ಸಂದೇಶಗಳ ಪ್ರತಿ ಮತ್ತು ಛಾಯಾಚಿತ್ರಗಳನ್ನು ಲಗತ್ತಿಸಬೇಕು. ಬೇರೆ ಗ್ಯಾರೇಜಿನಲ್ಲಿ ದೋಷವನ್ನು ಸರಿಪಡಿಸಿಕೊಳ್ಳುವ ಮುನ್ನ, ಮೊದಲಿನ ಕೆಲಸ ಯಾವ ಸ್ಥಿತಿಯಲ್ಲಿತ್ತು ಎಂಬುದರ ಬಗ್ಗೆ ಆ ಮೆಕ್ಯಾನಿಕ್‌ನಿಂದ ಲಿಖಿತ ವರದಿ ಮತ್ತು ಚಿತ್ರಗಳನ್ನು ಪಡೆಯುವುದನ್ನು ಮರೆಯಬಾರದು. ಒಮ್ಮೆ ಸರಿಪಡಿಸಿದ ಮೇಲೆ ಮೊದಲಿನ ಸ್ಥಿತಿಯನ್ನು ಸಾಬೀತುಪಡಿಸುವುದು ಕಷ್ಟ.

12. ಸಮಾರೋಪ

ಈ ಎಲ್ಲ ಸೂಚನೆಗಳನ್ನು ಓದಿ ಪ್ರತಿ ಮೆಕ್ಯಾನಿಕ್‌ನನ್ನೂ ಸಂಶಯದಿಂದ ನೋಡಬೇಕೆಂಬ ಅಭಿಪ್ರಾಯ ಬರಬಾರದು. ಕೈಗೆ ಮಸಿ ಮಾಡಿಕೊಂಡು, ಮಾತಿಗೆ ತಪ್ಪದೆ, ಬದಲಾಯಿಸಬೇಕಾಗಿಲ್ಲದ ಭಾಗವನ್ನು "ಇನ್ನೂ ಆರು ತಿಂಗಳು ಬರುತ್ತದೆ ಸ್ವಾಮಿ" ಎಂದು ಹೇಳಿ ಕಳುಹಿಸುವವರು ಪ್ರತಿ ಊರಿನಲ್ಲಿಯೂ ಇದ್ದಾರೆ. ಅಂತಹವರಿಗೆ ಲಿಖಿತ ಅಂದಾಜು ಪಟ್ಟಿ ಹೊರೆಯಾಗುವುದಿಲ್ಲ. "ನಾನು ಇದನ್ನು ಹೇಳಿರಲಿಲ್ಲ" ಎಂದು ಹಣ ಕೊಡದೆ ಹೋಗುವ ಗ್ರಾಹಕರಿಂದ ಅವರನ್ನು ಕಾಪಾಡುವುದೂ ಅದೇ ಪಟ್ಟಿ. ಬರೆದುಕೊಡಲು ಹಿಂಜರಿಯುವವರ ಬಳಿ ಮಾತ್ರ ವಾಹನ ಬಿಡುವ ಮುನ್ನ ಮತ್ತೊಮ್ಮೆ ಯೋಚಿಸಬೇಕು.

ಆದುದರಿಂದ ಸಾರ್ವಜನಿಕರು ಮುಂದಿನ ಬಾರಿ ಕಾರಿನ ಕೀಲಿಕೈಯನ್ನು ಒಪ್ಪಿಸುವ ಮುನ್ನ ಐದು ನಿಮಿಷ ನಿಂತು ಜಾಬ್ ಕಾರ್ಡ್ ಬರೆಸಿ, ಅಂದಾಜು ಪಟ್ಟಿ ಪಡೆದು, ಎರಡಕ್ಕೂ ಸಹಿ ಮಾಡಿಸಿಕೊಳ್ಳಬೇಕೆಂದು ಈ ಮೂಲಕ ಕೋರಲಾಗಿದೆ. ಆ ಎರಡು ಹಾಳೆಗಳನ್ನು ಬಿಲ್ಲಿನೊಂದಿಗೆ ಕನಿಷ್ಠ 2 ವರ್ಷಗಳವರೆಗೆ ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.